ಮೂರನೇ ಗೇರಲ್ಲಿ ಏರದ ಕಾರು

ಮಳೆ ಹಿಡಿಯೋ ಮೊದಲು ಕಾರಿನ ಸರ್ವಿಸ್ ಮುಗಿಸಿಬಿಡೋದು ನಮ್ಮ ಮನೆಯ ರೂಢಿ. ಕೊಡಗಿನ ಮಳೆಗಾಲದಲ್ಲಿ ಕಾರು ದಾರಿ ಮಧ್ಯೆ ಕೈಕೊಟ್ಟರೆ ಕಷ್ಟ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇರಲ್ಲ. ಹಾಗಾಗಿ ಜೂನ್ ಮೊದಲ ಶನಿವಾರ ಕುಶಾಲನಗರದಲ್ಲಿ ಕಾರು ಸರ್ವಿಸಿಗೆ ಬಿಟ್ಟು, ಅಮ್ಮನ ಜೊತೆ ಪೇಟೆ ಕೆಲಸ ಮುಗಿಸಿ, ಸಂಜೆ ಹೋಗಿ ತಗೊಂಡೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎಲ್ಲ ಹೊಸದು.

ಗುಡ್ಡೆಹೊಸೂರಿನವರೆಗೆ ಏನೂ ಗೊತ್ತಾಗಲಿಲ್ಲ. ಆನೆಕಾಡು ದಾಟುವಾಗ ಕಾರು ಯಾಕೋ ಭಾರ ಅನ್ನಿಸಿತು. ಮಳೆ, ಸಾಮಾನು, ಅದಕ್ಕೇ ಇರಬೇಕು ಅಂದುಕೊಂಡೆ. ಸುಂಟಿಕೊಪ್ಪ ದಾಟಿದ ಮೇಲೆ ಗೊಬ್ಬರದ ಮೂಟೆ ತುಂಬಿದ ಪಿಕಪ್ ಒಂದು ಮುಂದೆ ನಿಧಾನವಾಗಿ ಹೋಗುತ್ತಿತ್ತು. ರಸ್ತೆ ಖಾಲಿ ಕಂಡಿತು. ಮೂರನೇ ಗೇರಲ್ಲಿ ಬಲಕ್ಕೆ ತಗೊಂಡು ಆಕ್ಸಿಲರೇಟರ್ ಒತ್ತಿದೆ. ಕಾಲು ತಳ ಮುಟ್ಟಿತು, ಕಾರು ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ತಿರುವಿನಿಂದ ಬಸ್ಸಿನ ಲೈಟು ಬಂತು. ಬ್ರೇಕ್ ಹಾಕಿ ಪಿಕಪ್ ಹಿಂದಕ್ಕೇ ಸೇರಿಕೊಂಡೆ. ಅಮ್ಮ ನನ್ನ ತೋಳು ಹಿಡಿದವರು ಮಡಿಕೇರಿವರೆಗೂ ಬಿಡಲಿಲ್ಲ.

ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ. ಮೀಟರಲ್ಲಿ ಇಂಜಿನ್ ಚಿತ್ರದ ಹಳದಿ ದೀಪ. ಬೋಯಿಕೇರಿಯ ಮಂಜಿನಲ್ಲಿ ಎರಡನೇ ಗೇರಲ್ಲೇ ಏರಿಸಿಕೊಂಡು ಮನೆ ಸೇರಿದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೊಂದೇ ಯೋಚಿಸುತ್ತಾ ಹೋದೆ. ಎತ್ತರದ ಕಾರಣವಾ? ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಆದರೆ ಇದೇ ಕಾರು ವರ್ಷಗಟ್ಟಲೆ ಇದೇ ದಾರಿ ಹತ್ತಿದೆ ಅಲ್ವಾ? ಗಾಳಿಯನ್ನು ಒತ್ತಿ ತುಂಬೋಕೆ ಟರ್ಬೋ ಬೇರೆ ಇದೆ. ಬ್ರೇಕ್ ಹಿಡಿದುಕೊಂಡಿದೆಯಾ? ಹಾಗಿದ್ದರೆ ನ್ಯೂಟ್ರಲ್‌ನಲ್ಲಿ ಬಿಟ್ಟಾಗ ಕಾರು ಸರಾಗವಾಗಿ ಉರುಳುತ್ತಿರಲಿಲ್ಲ, ಚಕ್ರದ ಹತ್ತಿರ ಬಿಸಿ ಬರುತ್ತಿತ್ತು. ಕ್ಲಚ್ ಜಾರುತ್ತಿದೆಯಾ? ಕ್ಲಚ್ ಜಾರಿದರೆ ಇಂಜಿನ್ ವೇಗ ಏರುತ್ತೆ, ಕಾರು ಮಾತ್ರ ಏರಲ್ಲ. ನನ್ನದರಲ್ಲಿ ಇಂಜಿನ್ನೇ ಏರುತ್ತಿರಲಿಲ್ಲ. ಡೀಸೆಲ್ ಸಾಲುತ್ತಿಲ್ಲ ಅಂದರೆ ಕಪ್ಪು ಹೊಗೆ ಬರಬಾರದು. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಅಲ್ಲಿಗೆ ಬಂದು ನಿಂತೆ.

ಸೋಮವಾರ ಸರ್ವಿಸ್ ಮಾಡಿದಲ್ಲಿಗೇ ಹೋದೆ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಹಾಕಿದರು. ಪಿ 0299 ಅಂತ ಕೋಡ್ ಬಂತು. ಟರ್ಬೋ ಒತ್ತಡ ಸಾಲದು ಅಂತ ಅದರ ಅರ್ಥ. "ಟರ್ಬೋ ಹೋಗಿದೆ ಮೇಡಂ, ಬದಲಾಯಿಸಬೇಕು" ಅಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. "ಶನಿವಾರ ಬೆಳಿಗ್ಗೆ ಚೆನ್ನಾಗಿತ್ತಲ್ಲ" ಅಂದೆ. "ಅದು ಯಾವಾಗ ಬೇಕಾದರೂ ಹೋಗುತ್ತೆ" ಅಂದರು. ಮನಸ್ಸು ಒಪ್ಪಲಿಲ್ಲ. ಬೇಡ ಅಂತ ಹೇಳಿ ಹೊರಟೆ.

ಸುಂಟಿಕೊಪ್ಪದಲ್ಲಿ ರಸ್ತೆ ಬದಿಗೆ ತಗಡಿನ ಶೆಡ್ಡಿನ ಗ್ಯಾರೇಜು ಒಂದಿದೆ. ಎಲ್ಲರೂ ಕಾಕ ಅನ್ನೋ ವಯಸ್ಸಾದ ಮೆಕ್ಯಾನಿಕ್. ಅವರ ಮೊಮ್ಮಗಳು ನಮ್ಮ ಶಾಲೆಯಲ್ಲಿ ಓದುತ್ತಾಳೆ. ನಾನು ಎಲ್ಲ ಹೇಳಿ ಮುಗಿಸೋವರೆಗೂ ಕಾಕ ಸುಮ್ನೆ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಟೀಚರೇ, ಸರ್ವಿಸಲ್ಲಿ ಏನೇನು ಬಿಚ್ಚಿದ್ರು?"

ಬಿಲ್ ಕೊಟ್ಟೆ. ಕನ್ನಡಕ ಏರಿಸಿ ಓದಿದರು. "ಟರ್ಬೋ ಹೋಗಿದೆ ಅಂತ ಕಂಪ್ಯೂಟರ್ ಹೇಳಿಲ್ಲ. ಒತ್ತಡ ಸಾಲಲ್ಲ ಅಂತ ಮಾತ್ರ ಹೇಳಿದೆ. ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗ್ತಿಲ್ಲ ಅಂದ್ರೆ ಮೋಟಾರೇ ಸುಟ್ಟಿದೆ ಅಂತೀರಾ? ಮೊದಲು ಪೈಪ್ ನೋಡಲ್ವಾ?"

ಬಾನೆಟ್ ಎತ್ತಿ ನನ್ನನ್ನು ಸೀಟಲ್ಲಿ ಕೂರಿಸಿ ರೇಸ್ ಮಾಡಲು ಹೇಳಿದರು. ಸುಮ್ಮನೆ ಆನ್ ಇದ್ದಾಗ ಏನೂ ಇಲ್ಲ. ರೇಸ್ ಮಾಡಿದಾಗ ಮಾತ್ರ "ಉಸ್ಸ್" ಅಂತ ಸಣ್ಣ ಸದ್ದು. ಕಾಕ ಕೈ ಒಳಗೆ ಹಾಕಿ ಟರ್ಬೋದ ಬಿಸಿ ಗಾಳಿಯನ್ನು ತಣ್ಣಗೆ ಮಾಡೋ ಇಂಟರ್‌ಕೂಲರ್‌ನಿಂದ ಇಂಜಿನ್ನಿಗೆ ಹೋಗೋ ದಪ್ಪ ರಬ್ಬರ್ ಪೈಪನ್ನು ತಡವಿದರು. "ಬನ್ನಿ, ನೋಡಿ" ಅಂತ ಕರೆದರು.

ಪೈಪಿನ ಬಾಯಿ ಅರ್ಧ ಮಾತ್ರ ಕೂತಿತ್ತು. ಕ್ಲಿಪ್ಪು ಪೈಪಿನ ಅಂಚಿಗೆ ಓರೆಯಾಗಿ ಕಚ್ಚಿಕೊಂಡಿತ್ತು. ಅದರ ಸ್ಕ್ರೂ ತಲೆಯ ಗೀರು ಹೊಳೆಯುತ್ತಿತ್ತು, ಸುತ್ತಲಿನ ಬೇರೆ ಸ್ಕ್ರೂಗಳೆಲ್ಲ ಧೂಳಲ್ಲಿ ಕಪ್ಪಾಗಿದ್ದವು. ಸಂದಿಯಲ್ಲಿ ಎಣ್ಣೆಯ ಪಸೆ, ಬೆರಳಲ್ಲಿ ಒರೆಸಿದರೆ ಜಿಡ್ಡು. ಟರ್ಬೋದಿಂದ ಬರೋ ಗಾಳಿಯಲ್ಲಿ ಸ್ವಲ್ಪ ಎಣ್ಣೆಯ ಹನಿ ಇದ್ದೇ ಇರುತ್ತಂತೆ. ಗಾಳಿ ಸೋರುವ ಕಡೆ ಅದು ಹೀಗೆ ಅಂಟುತ್ತದೆ. ಫಿಲ್ಟರ್ ಬಿಚ್ಚುವಾಗ ಕೈ ಹೋಗಲಿ ಅಂತ ಈ ಪೈಪ್ ತೆಗೆದು, ಮತ್ತೆ ಸರಿಯಾಗಿ ಕೂರಿಸಿಲ್ಲ ಅಂದರು ಕಾಕ.

ಹೊಗೆಯ ಕಾರಣವೂ ಆಗ ಅರ್ಥವಾಯಿತು. ಒಳಗೆ ಬರೋ ಗಾಳಿಯನ್ನು ಏರ್ ಫಿಲ್ಟರ್ ಪಕ್ಕದ ಸೆನ್ಸರ್ ಅಳೆಯುತ್ತದೆ. ಅಷ್ಟು ಗಾಳಿಗೆ ತಕ್ಕ ಡೀಸೆಲ್ ಹೋಗುತ್ತದೆ. ಗಾಳಿ ದಾರಿಯಲ್ಲೇ ಸೋರಿದರೆ ಡೀಸೆಲ್ ಪೂರ್ತಿ ಸುಡಲ್ಲ, ಮಸಿಯಾಗಿ ಹೊರಗೆ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಟರ್ಬೋಗೆ ಕೆಲಸ ಕಮ್ಮಿ, ಹಾಗಾಗಿ ಗೊತ್ತಾಗಿರಲಿಲ್ಲ.

ಕಾಕ ಪೈಪಿನ ಒಳಗೆ ಹೊರಗೆ ಒರೆಸಿ, ಪೂರ್ತಿ ಒಳಗೆ ತಳ್ಳಿ, ಹೊಸ ಕ್ಲಿಪ್ಪು ಹಾಕಿ ಬಿಗಿದರು. ಕೋಡ್ ಅಳಿಸಿದರು. 200 ರೂಪಾಯಿ ತಗೊಂಡರು. ಜಾಸ್ತಿ ಕೊಡಲು ಹೋದರೆ ಕೈ ಹಿಂದಕ್ಕೆ ತಗೊಂಡರು.

ಕೆದಕಲ್ ಹತ್ತಿರ ಅದೇ ಏರಿನಲ್ಲಿ ಮೂರನೇ ಗೇರ್ ಹಾಕಿದೆ. 2,000 ಆರ್‌ಪಿಎಂ ದಾಟುತ್ತಲೇ ಬೆನ್ನು ಸೀಟಿಗೆ ಒತ್ತಿತು. ಕನ್ನಡಿಯಲ್ಲಿ ಮಳೆ ನೀರಿನ ತುಂತುರು ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ದಿನ ಇನ್ನೂ ಎಷ್ಟು ಕಾರಿನಲ್ಲಿ ಆ ಪೈಪ್ ಬಿಚ್ಚಿದ್ದರೋ, ಅವರೂ ಇದೇ ತಿರುವುಗಳಲ್ಲಿ ಓಡಿಸುವವರು. ಕೆಲಸ ಮಾಡಿದ ಹುಡುಗನನ್ನು ಬೈಯಬೇಡಿ, ಆದರೆ ಆ ಕಾರುಗಳನ್ನೆಲ್ಲ ಕರೆಸಿ ಕ್ಲಿಪ್ಪು ನೋಡಿ ಅಂದೆ. ನೋಡುತ್ತೇವೆ ಅಂದರು. ವಾರ ಬಿಟ್ಟು ಮತ್ತೆ ಫೋನ್ ಮಾಡಿ ಕೇಳಿದೆ. ಇನ್ನೊಂದು ಕಾರಿನಲ್ಲೂ ಸಡಿಲವಾಗಿತ್ತಂತೆ, ಬಿಗಿದು ಕಳಿಸಿದ್ದಾರೆ.