ಭಟ್ಟಿಯ ಮರಳಿನಲ್ಲಿ ಬರೆದ ‘ರ’

ಶಾಲೆಯ ವಾರ್ಷಿಕ ಸಂಚಿಕೆಗೆ ಶಿಶುವಿಹಾರದ ಅಕ್ಕೋರ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ತಗಡಿನ ಪರಾತ. ಅಂಚು ಒಂದು ಕಡೆ ಜಜ್ಜಿಹೋಗಿದ್ದ ಆ ಪರಾತದ ತುಂಬ ಕಪ್ಪಗಿನ, ಹಿಟ್ಟಿನಷ್ಟು ನುಣುಪಾದ ಮರಳು ಇರುತ್ತಿತ್ತು. ಅಕ್ಕೋರ ಹೆಸರು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಅಲ್ಲಿಯವರೆಗೆ ಅಕ್ಕೋರು ಎಂಬುದೇ ಅವರ ಹೆಸರೆಂದು ನಂಬಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ನಾನು ಶಿಶುವಿಹಾರಕ್ಕೆ ಸೇರಿದ್ದು 1983ರ ಜೂನ್ ತಿಂಗಳಲ್ಲಿ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾಗಲು ಇನ್ನೂ ಹದಿನಾಲ್ಕು ವರ್ಷ ಬೇಕಿತ್ತು. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲ ಅದು. ಮಿಲ್ಲಿನ ಕೂಗಿಗೆ ಊರು ಏಳುತ್ತಿತ್ತು, ಊಟಕ್ಕೆ ಕೂರುತ್ತಿತ್ತು. ನಮ್ಮ ತರಗತಿಯ ಮೂವತ್ತು ಮೂವತ್ತೈದು ಮಕ್ಕಳಲ್ಲಿ ಹೆಚ್ಚಿನವರ ತಂದೆಯರು ಮಿಲ್ಲಿನಲ್ಲೋ ಮಂಡಕ್ಕಿ ಭಟ್ಟಿಯಲ್ಲೋ ದುಡಿಯುವವರು. ನನ್ನ ಅಪ್ಪ ರಾತ್ರಿ ಪಾಳಿ ಮುಗಿಸಿ, ತಲೆಗೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನೂ ಕೊಡವಿಕೊಳ್ಳದೆ, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ತಂದು ಬಿಟ್ಟು, ಮನೆಗೆ ಹೋಗಿ ಮಲಗುತ್ತಿದ್ದರು.

ಮಂಡಕ್ಕಿ ಭಟ್ಟಿಯನ್ನು ನೋಡದವರಿಗಾಗಿ ಒಂದು ಮಾತು. ಭತ್ತವನ್ನು ನೆನೆಸಿ, ಕಾಯಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಒಣಗಿಸಿ, ಕೊನೆಗೆ ಕೆಂಡದಂತೆ ಕಾದ ಮರಳಿಗೆ ಹಾಕಿದಾಗ ಕ್ಷಣಮಾತ್ರದಲ್ಲಿ ಅದು ಅರಳುತ್ತದೆ. ಜರಡಿ ಹಿಡಿದರೆ ಮಂಡಕ್ಕಿ ಮೇಲೆ ಉಳಿದು ಮರಳು ಕೆಳಗೆ ಬೀಳುತ್ತದೆ. ಅದೇ ಮರಳು ಮತ್ತೆ ಒಲೆಗೆ ಹೋಗುತ್ತದೆ. ಹೀಗೆ ದಿನಗಟ್ಟಲೆ ಕಾದು, ಉಜ್ಜಿ, ಕಪ್ಪಾದ ಮರಳಿನಲ್ಲಿ ಕೈಗೆ ಚುಚ್ಚುವ ಹರಳು ಒಂದೂ ಉಳಿದಿರುವುದಿಲ್ಲ. ಅಕ್ಕೋರು ನಮ್ಮ ಸಹಪಾಠಿಯೊಬ್ಬನ ತಂದೆಗೆ ಹೇಳಿ ಆ ಮರಳನ್ನು ವರ್ಷಕ್ಕೊಮ್ಮೆ ಚೀಲದಲ್ಲಿ ತರಿಸಿಕೊಳ್ಳುತ್ತಿದ್ದರು. ಚೀಲ ಬಂದ ದಿನ ಆ ಹುಡುಗ ತರಗತಿಯಲ್ಲಿ ನಡೆಯುತ್ತಿದ್ದ ರೀತಿಯೇ ಬೇರೆ ಇರುತ್ತಿತ್ತು.

ಜೂನ್‌ನಿಂದ ದಸರಾ ರಜೆಯವರೆಗೆ ನಮ್ಮ ಕೈಗೆ ಬಳಪ ಕೊಡಲಿಲ್ಲ. ಹುಣಸೆ ಬೀಜ ಎಣಿಸಿದೆವು, ಅವರೆಕಾಳು ಮತ್ತು ಕಡಲೆ ಬೆರೆಸಿಟ್ಟದ್ದನ್ನು ಬೇರೆ ಬೇರೆ ಮಾಡಿದೆವು, ದಾರಕ್ಕೆ ಗುಂಡಿ ಪೋಣಿಸಿದೆವು, ಕಣ್ಣು ಮುಚ್ಚಿಕೊಂಡು ಬೀದಿಯ ಸದ್ದು ಕೇಳಿ ಅದು ಜಟಕಾವೋ ಸೈಕಲ್ಲೋ ಹೇಳಿದೆವು. ಆಮೇಲೆ ಪರಾತದ ಮುಂದೆ ಕೂರಿಸಿಕೊಂಡು, ನಮ್ಮ ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ ಹಿಡಿದು, ಮರಳಿನ ಮೇಲೆ ಒಂದು ಸುತ್ತು ತಿರುಗಿಸಿ, ತಲೆಕಟ್ಟು ಎಳೆಸಿ, ‘ರ’ ಎನ್ನಿಸುತ್ತಿದ್ದರು. ತಪ್ಪಿದರೆ ಪರಾತವನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅಲುಗಾಡಿಸಬೇಕು. ತಪ್ಪು ಅಳಿಸಿಹೋಗಿ ಮರಳು ಮತ್ತೆ ಸಮವಾಗುತ್ತಿತ್ತು. ಸ್ಲೇಟಿನ ಮೇಲೆ ಎಂಜಲು ಹಚ್ಚಿ ಒರೆಸುವ ಅವಮಾನ ನಮಗಿರಲಿಲ್ಲ. ಬರೆದಾದ ಮೇಲೆ ಬೆರಳು ಮೂಸಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿತ್ತು. ಹುರಿದ ಅಕ್ಕಿಯ ವಾಸನೆ ಬರುತ್ತಿತ್ತು, ಹಸಿವಾಗುತ್ತಿತ್ತು.

ಪೋಷಕರಿಗೆ ಇದು ಸರಿ ಕಾಣಲಿಲ್ಲ. ನನ್ನ ಅಪ್ಪನೇ ಒಂದು ದಿನ ಬಾಗಿಲಲ್ಲಿ ನಿಂತು, “ಮೂರು ತಿಂಗ್ಳಾತು ಅಕ್ಕೋರೇ, ನಮ್ ಹುಡುಗಿಗೆ ಇನ್ನೂ ಒಂದ್ ಅ ಬರ್ಯಾಕೆ ಬರಲ್ಲ. ಪಕ್ಕದ ಮನೇದು ಎ ಬಿ ಸಿ ಡಿ ಎಲ್ಲಾ ಹೇಳ್ತೈತೆ” ಎಂದರು. ಅಕ್ಕೋರು ವಾದಕ್ಕೆ ಹೋಗಲಿಲ್ಲ. ಅವರನ್ನು ಒಳಗೆ ಕರೆದು, ಮಕ್ಕಳ ಮಣೆಯ ಮೇಲೆ ಕೂರಿಸಿ, ಎಡಗೈಯಲ್ಲಿ ‘ಅ’ ಬರೆಯಿರಿ ಎಂದರು. ಇಪ್ಪತ್ತು ವರ್ಷ ಮಗ್ಗದ ಮುಂದೆ ನೂಲು ಗಂಟು ಹಾಕಿದ ಕೈ ಅದು. ಎರಡು ಸಲ ಸೊಟ್ಟಗೆ ಬರೆದು ನಕ್ಕುಬಿಟ್ಟರು. “ನಿಮ್ಮ ಎಡಗೈ ಎಷ್ಟು ಕಲಿತೈತೋ ಮಗುವಿನ ಬಲಗೈನೂ ಅಷ್ಟೇ ಕಲಿತೈತೆ ನೋಡ್ರಿ” ಎಂದು ಅಕ್ಕೋರು ಎದ್ದರು. ಅಪ್ಪ ಮತ್ತೆ ಕೇಳಲಿಲ್ಲ, ಆದರೆ ಪೂರ್ತಿ ಒಪ್ಪಿದರೆಂದೂ ಹೇಳಲಾರೆ. ಮನೆಯಲ್ಲಿ ಗುಟ್ಟಾಗಿ ನನಗೆ ‘ಅ ಆ’ ತಿದ್ದಿಸುತ್ತಲೇ ಇದ್ದರು.

‘ರ’ದ ನಂತರ ಗ, ಸ, ದ, ಅವೆಲ್ಲ ಬಂದ ಮೇಲಷ್ಟೇ ಅ. ಇದು ಅಕ್ಕೋರ ಹಟವೆಂದೇ ನಾನು ಎಷ್ಟೋ ಕಾಲ ತಿಳಿದಿದ್ದೆ. ಮುಂದೆ ಟಿ.ಸಿ.ಎಚ್. ಓದಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಲಿ-ಕಲಿ ತರಬೇತಿಗೆ ಹೋದಾಗ, ಕೈಗೆ ಕೊಟ್ಟ ಮೊದಲ ಅಕ್ಷರಗಳ ಸಾಲೇ ‘ರ ಗ ಸ ದ ಅ’ ಎಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಸ್ವರಮಾಲೆಯನ್ನು ಕ್ರಮವಾಗಿ ಕಲಿತ ಮಗು ‘ಅ ಆ ಇ ಈ’ ಮುಗಿಸಿದರೂ ಒಂದು ಮಾತನ್ನು ಓದಲಾರದು. ಈ ಐದು ಅಕ್ಷರ ಬಂದ ದಿನವೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಅದರ ಕೈಗೆ ಬರುತ್ತವೆ. ‘ರ’ದ ತಿರುವು ಕೂತ ಕೈಗೆ ‘ಠ’ ಎಂಬುದು ಒಂದು ಚುಕ್ಕೆಯಷ್ಟೇ ದೂರ. ತರಬೇತಿಯ ಸಭಾಂಗಣದಲ್ಲಿ ಕೂತು ನಾನು ಪರಾತವನ್ನು ನೆನೆಸಿಕೊಳ್ಳುತ್ತಿದ್ದೆ.

ಇದನ್ನೆಲ್ಲ ನೀವು ಎಲ್ಲಿ ಕಲಿತಿರಿ ಎಂದು ಅಕ್ಕೋರನ್ನು ಒಮ್ಮೆ ಕೇಳಿದ್ದೆ. ಅವರು ಓದಿದ್ದು ಹಳೆಯ ಮೈಸೂರು ಸಂಸ್ಥಾನದ ಲೋಯರ್ ಸೆಕೆಂಡರಿಯವರೆಗೆ ಮಾತ್ರ, ಹದಿನಾರಕ್ಕೆ ಮದುವೆಯಾಗಿತ್ತು. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸರಿಯವರು 1939ರಲ್ಲಿ ಭಾರತಕ್ಕೆ ಬಂದದ್ದು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಎರಡು ಬೆರಳು ಆಡಿಸಿ ಬರವಣಿಗೆ ಕಲಿಸುತ್ತಿದ್ದದ್ದು, ಇವನ್ನು ನಾನೇ ಅವರಿಗೆ ಹೇಳಿದೆ. ಗಮನವಿಟ್ಟು ಕೇಳಿಸಿಕೊಂಡು, “ಹಂಗಾರೆ ಆಯಮ್ಮನೂ ಮಕ್ಕಳ ಬೆರಳು ನೋಡ್ಯಾಳೆ ಬಿಡು” ಎಂದರು. ರಂಗೋಲಿ ಹಾಕಲು ಕಲಿಯುತ್ತಿದ್ದ ಮಗಳ ಕೈ ಗೆರೆಗಿಂತ ಸುತ್ತನ್ನು ಸುಲಭವಾಗಿ ಹಿಡಿಯುವುದನ್ನು ನೋಡಿದ್ದರಂತೆ. ಅವರ ತರಬೇತಿ ಅಷ್ಟೇ.

ಆ ಮಗಳ ಮಗ ನಮ್ಮ ತರಗತಿಯಲ್ಲೇ ಇದ್ದ. ಗೇಟಿನ ಹೊರಗೆ ಅಜ್ಜಿ, ಒಳಗೆ ಅಕ್ಕೋರು ಎಂಬುದು ಅವನಿಗೆ ಹಾಕಿದ್ದ ಕಟ್ಟಳೆ. ಒಂದು ಮಧ್ಯಾಹ್ನ ಅವನು ಕಟ್ಟೆಯಿಂದ ಬಿದ್ದು ಮಂಡಿ ಒಡೆದುಕೊಂಡು “ಅಜ್ಜೀ” ಎಂದು ಕಿರುಚಿದ. ಅಕ್ಕೋರು ಓಡಿಬಂದು ಗಾಯ ತೊಳೆದರು, ಅರಿಸಿನ ಹಚ್ಚಿದರು, ಸೆರಗಿನಿಂದ ಕಣ್ಣೊರೆಸಿದರು, ಆದರೆ ಅವನು “ಅಕ್ಕೋರೇ” ಎನ್ನುವವರೆಗೆ ಮಾತನಾಡಲಿಲ್ಲ. ಅಂದು ಸಂಜೆ ಬೀದಿಗೆ ಬಂದೊಡನೆ ಅವನನ್ನು ಕಂಕುಳಿಗೆ ಎತ್ತಿಕೊಂಡು ಹೋದದ್ದನ್ನೂ ನಾವು ನೋಡಿದೆವು. ಇದರಿಂದ ನಾವು ತೆಗೆದುಕೊಂಡ ಅರ್ಥ ಬೇರೆಯೇ ಆಗಿತ್ತು: ಗೇಟು ದಾಟಿದರೆ ಯಾರು ಬೇಕಾದರೂ ಅಜ್ಜಿ ಎನ್ನಬಹುದು! ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕೆಯ ಜಾತ್ರೆಯಲ್ಲಿ ಅವರು ಕಣ್ಣಿಗೆ ಬಿದ್ದಾಗ, ಬಳೆಯಂಗಡಿ, ಮಿರ್ಚಿಯಂಗಡಿ, ತೊಟ್ಟಿಲು ಹೀಗೆ ನಾಲ್ಕೂ ಕಡೆಯಿಂದ “ಅಜ್ಜೀ” ಎಂಬ ಕೂಗು ಎದ್ದದ್ದು, ಅವರ ಜೊತೆಗಿದ್ದ ಮೊಮ್ಮಗ ಮುಖ ಊದಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಆ ಕಟ್ಟಳೆ ಅತಿಯಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಅವರ ಬಳಿಯೇ ಹೇಳಿದ್ದೆ. “ಆ ವರ್ಷ ತಾಯಿ ಇಲ್ಲದ ಎರಡು ಕೂಸು ಇದ್ವು. ಇವನು ಅಜ್ಜಿ ಅಂತ ತೊಡೆ ಏರಿದ್ರೆ ಅವು ಯಾರ ಮುಖ ನೋಡಬೇಕಿತ್ತು?” ಎಂದರು. ಪಕ್ಕದಲ್ಲಿದ್ದ ಮೊಮ್ಮಗ, ಆಗಲೇ ನಲವತ್ತು ದಾಟಿದವನು, “ನನಗೂ ಅವಾಗ ಐದೇ ವರ್ಷ ಅಜ್ಜಿ” ಎಂದ. ಅಕ್ಕೋರು ಉತ್ತರ ಕೊಡಲಿಲ್ಲ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಶಿಶುವಿಹಾರ ಎಲ್.ಕೆ.ಜಿ. ಆಯಿತು, ಮರಳಿನ ಜಾಗಕ್ಕೆ ಚುಕ್ಕೆಗಳ ಪುಸ್ತಕ ಬಂತು. ನಿವೃತ್ತಿಯಾದ ಮೇಲೂ ಅಕ್ಕೋರು ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಕಳೆದ ಕಾರ್ತಿಕದಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು.

ತಿಥಿಯ ಮರುದಿನ ಮೊಮ್ಮಗ ಅಟ್ಟದಿಂದ ಪರಾತವನ್ನು ಇಳಿಸಿ, ಮರಳಿನ ಡಬ್ಬಿಯ ಸಮೇತ ನನಗೆ ಕೊಟ್ಟ. ಅದನ್ನು ನನ್ನ ಒಂದನೇ ತರಗತಿಗೆ ಒಯ್ದಿದ್ದೇನೆ. ಮೊದಲ ದಿನ ಒಬ್ಬ ಹುಡುಗ ಈ ಮಣ್ಣು ಯಾಕೆ ಕಪ್ಪಗಿದೆ ಎಂದು ಕೇಳಿದ. ಮಂಡಕ್ಕಿ ಹುರಿದ ಮರಳು ಎಂದೆ. ಅವನು ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದು, “ಏನೂ ವಾಸ್ನೆ ಇಲ್ಲ ಮಿಸ್” ಎಂದು ಬೆರಳನ್ನು ಚಡ್ಡಿಗೆ ಒರೆಸಿಕೊಂಡು ಸುತ್ತು ತಿರುಗಿಸತೊಡಗಿದ.