ಡಸ್ಟರಿನ ಬೆನ್ನ ಮೇಲಿನ ದೇಶ

ಕಳೆದ ಜನವರಿಯಲ್ಲಿ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಹರವಿಸುತ್ತಿದ್ದಾಗ ಜರ್ಮನಿಯಲ್ಲಿರುವ ತಂಗಿಯ ಮಗ ಒಂದು ಫೋಟೊ ಕಳುಹಿಸಿದ. 'ಮಾವ, ನಿಮ್ಮ ಕಾರು ಇಲ್ಲಿಯೂ ಇದೆ. ಹಿಂದೆ ಬರೆದಿರುವ ಹೆಸರು ನೋಡಿ.' ಹಿಮ ಬಿದ್ದ ಬೀದಿಯಲ್ಲಿ ನಿಂತಿದ್ದದ್ದು ನಮ್ಮ ಡಸ್ಟರೇ. ಮೂಡಿಗೆರೆಯಿಂದ ತೋಟಕ್ಕೆ ಹೋಗುವ ಕೊರಕಲು ದಾರಿಯಲ್ಲಿ, ಆಷಾಢದ ಕೆಸರಿನಲ್ಲಿ, ಗೊಬ್ಬರದ ಚೀಲ ಹೇರಿಕೊಂಡು ಹತ್ತಾರು ವರ್ಷ ನನ್ನನ್ನು ಹೊತ್ತು ತಿರುಗಿದ ಅದೇ ಗಾಡಿ. ಆದರೆ ನನ್ನದರ ಮೇಲೆ ರೆನೊ ಲಾಂಛನವಿದ್ದರೆ ಅದರ ಮೇಲೆ 'ಡಾಚಿಯಾ' ಎಂದಿತ್ತು.

ನಾನು ಹಾಸನದಲ್ಲಿ ಇತಿಹಾಸ ಓದಿ ತೋಟಕ್ಕೆ ಮರಳಿದವನು. ಆ ಹೆಸರನ್ನು ರೋಮಿನ ಚರಿತ್ರೆಯಲ್ಲಿ 'ಡೇಸಿಯಾ' ಎಂದು ಓದಿದ್ದೆ. ಡ್ಯಾನ್ಯೂಬ್ ನದಿಯ ಆಚೆ, ಕಾರ್ಪೇಥಿಯನ್ ಬೆಟ್ಟಗಳ ನಡುವಿನ ಚಿನ್ನದ ನಾಡು ಅದು. ಅದರ ಅರಸ ಡೆಸಿಬಾಲಸ್ ಎರಡು ಯುದ್ಧಗಳಲ್ಲಿ ಚಕ್ರವರ್ತಿ ಟ್ರೇಜನ್ನನನ್ನು ಎದುರಿಸಿ, ಕ್ರಿ.ಶ. 106ರಲ್ಲಿ ಸೋತು, ಸೆರೆ ಸಿಕ್ಕಬಾರದೆಂದು ತನ್ನ ಕತ್ತನ್ನು ತಾನೇ ಕೊಯ್ದುಕೊಂಡ. ರೋಮನ್ನರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಸುಮಾರು 170 ವರ್ಷಗಳಲ್ಲಿ ಪ್ರಾಂತ್ಯವನ್ನು ಬಿಟ್ಟು ನದಿಯ ಈಚೆಗೆ ಬಂದರು.

ಇಂದಿನ ರುಮೇನಿಯ ಅದೇ ನೆಲ. 1966ರಲ್ಲಿ ಪಿಟೆಷ್ಟಿ ಪಟ್ಟಣದ ಹತ್ತಿರ ಅಲ್ಲಿನ ಸರ್ಕಾರ ಕಾರಿನ ಕಾರ್ಖಾನೆ ಕಟ್ಟಲು ಹೊರಟಿತು. 1968ರಲ್ಲಿ ಹೊರಬಂದ ಮೊದಲ ಕಾರು ಫ್ರಾನ್ಸಿನ ರೆನೊ 8ರ ಪಡಿಯಚ್ಚು, ಮರುವರ್ಷದ ಡಾಚಿಯಾ 1300 ರೆನೊ 12ರದು. ಯಂತ್ರ ಎರವಲು ತಂದರೂ ಹೆಸರನ್ನು ಮಾತ್ರ ತಮ್ಮ ಮಣ್ಣಿನಿಂದಲೇ ಎತ್ತಿಕೊಂಡರಲ್ಲ, ಅದು ನನಗೆ ಬಹಳ ಹಿಡಿಸಿತು. ಆ 1300ಕ್ಕಾಗಿ ಜನ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರಂತೆ. 1999ರಲ್ಲಿ ಕಾರ್ಖಾನೆಯನ್ನು ರೆನೊ ಕೊಂಡಿತು. ಹೆಸರು ಉಳಿಯಿತು. 2010ರಲ್ಲಿ ಡಾಚಿಯಾ ಆಗಿ ಹುಟ್ಟಿದ ಡಸ್ಟರ್ 2012ರಲ್ಲಿ ಚೆನ್ನೈ ಬಳಿ ತಯಾರಾಗಿ ರೆನೊ ಎಂಬ ಹೆಸರಿನಲ್ಲಿ ನಮ್ಮ ಕಾಫಿ ಸೀಮೆಗೆ ಬಂತು.

ಡೇಸಿಯನ್ನರ ಯುದ್ಧದ ಕಥೆಯನ್ನು ಅವರೇ ಬರೆದಿಟ್ಟದ್ದು ನಮಗೆ ಸಿಕ್ಕಿಲ್ಲ. ಅದು ಇರುವುದು ರೋಮಿನಲ್ಲಿ, ಗೆದ್ದವನು 113ರಲ್ಲಿ ನಿಲ್ಲಿಸಿದ ಕಂಬದ ಮೇಲೆ. ಕಂಬವನ್ನು ಬಳ್ಳಿಯಂತೆ ಸುತ್ತಿ ಮೇಲೇರುವ ಆ ಶಿಲ್ಪದ ಪಟ್ಟಿಯ ಚಿತ್ರ ನೋಡಿದಾಗ ನನಗೆ ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯೇ ಕಣ್ಣಿಗೆ ಬಂತು. ಅಡಿಯಲ್ಲಿ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಶಾಲೆಯ ಪ್ರವಾಸದಲ್ಲಿ ಮೊದಲ ಸಲ ಹೋದಾಗ ನಾನು ಆನೆಗಳನ್ನು ಎಣಿಸುತ್ತಾ ಹಿಂದೆ ಉಳಿದುಬಿಟ್ಟಿದ್ದೆ. ಮೇಷ್ಟ್ರು ಬಂದು ಕೈಹಿಡಿದು ಕರೆದೊಯ್ದರು.

ಆ ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಮುಂದೆ ಮತ್ತೆ ದೆಹಲಿಯ ಸೈನ್ಯ ಬಂತು. ರಾಜಧಾನಿ ಹಾಳಾಯಿತು, ಉಳಿದದ್ದು ಹಳೆಯ ಬೀಡು. ಯಾವ ಬಸ್ಸಿನ ಹಣೆಯ ಮೇಲೂ ದೋರಸಮುದ್ರವಿಲ್ಲ. ಆದರೆ ಹೊಯ್ಸಳ ಎಂಬ ಹೆಸರು ಬದುಕಿದೆ, ಅದೂ ಗಾಡಿಯ ಮೇಲೆಯೇ! ಬೆಂಗಳೂರಿನ ಪೊಲೀಸ್ ಗಸ್ತು ವಾಹನಕ್ಕೆ ಅದೇ ಹೆಸರು. ಒಂದು ರಾತ್ರಿ ಅಕ್ಕನ ಮನೆಯ ಬೀದಿಯಲ್ಲಿ ಗಲಾಟೆಯಾದಾಗ ಪಕ್ಕದ ಮನೆಯ ಅಜ್ಜಿ 'ಹೊಯ್ಸಳ ಬಂತು, ಇನ್ನು ಮಲಗಿ' ಎಂದರು. ಹುಲಿಯ ಎದುರು ನಿಂತ ಸಳನ ಹೆಸರು ಒಬ್ಬ ಮುದುಕಿಗೆ ನಿದ್ದೆ ತಂದಿತು. ನನಗೆ ಮೈ ಜುಮ್ಮೆಂದಿತು.

ಆ ಸಳನ ಊರು ನಮ್ಮ ಮೂಡಿಗೆರೆ ತಾಲೂಕಿನಲ್ಲೇ ಇದೆ. ಶಾಸನಗಳ ಸೊಸೆವೂರು, ಈಗಿನ ಅಂಗಡಿ. ಪಾಳುಬಿದ್ದ ಬಸದಿಗಳು, ವಾಸಂತಿಕಾ ದೇವಿಯ ಗುಡಿ, ಸುತ್ತ ಕಾಫಿ ಗಿಡ. 'ಅಂಗಡಿಗೆ ಹೋಗಿದ್ದೆ' ಎಂದರೆ ಹೊರಗಿನವರು 'ಏನು ತಂದಿರಿ' ಎಂದು ಕೇಳುತ್ತಾರೆ. ಒಂದು ರಾಜವಂಶ ಹುಟ್ಟಿದ ಊರಿನ ಹೆಸರು ಅಲ್ಲಿನ ಮಕ್ಕಳ ಬಾಯಲ್ಲಿಯೂ ಇಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ.

ನಮ್ಮ ಕಾಫಿ ಚೀಲಗಳ ಮೇಲೆ ಅಪ್ಪನ ಕಾಲದಿಂದಲೂ ಅವರ ಹೆಸರಿನ ಎರಡು ಅಕ್ಷರ ಬಳಿಯುತ್ತಿದ್ದೆವು. ಈ ಸಲ ಹೊಸ ತಗಡಿನ ಅಚ್ಚು ಕೊರೆಸಿದೆ. ಆ ಎರಡು ಅಕ್ಷರದ ಕೆಳಗೆ 'ಸೊಸೆವೂರು'. ಹೆಂಡತಿ ತಾನೇ ನಿಂತು ಮೊದಲ ಚೀಲಕ್ಕೆ ಕಪ್ಪು ಬಣ್ಣ ಬಳಿದಳು. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯ ಗುಮಾಸ್ತರು ಕನ್ನಡಕ ಮೇಲೆತ್ತಿ 'ಇದು ಯಾವ ಊರು ಸ್ವಾಮಿ?' ಎಂದರು. ಹಿಂದೆ ಮೂರು ಲಾರಿ ಕಾಯುತ್ತಿದ್ದರೂ ಹೇಳಿದೆ. ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಒಮ್ಮೆ ತಡೆದು ಕೇಳಿದರು: 'ಸೊಸೆ ಆದ ಮೇಲೆ ವೂ, ದೀರ್ಘ ತಾನೇ?'