ಬಾಗಿಲು ಹಾಕಿದೆಯಾ, ಅತ್ತೆ?

ಮೂರು ಸಲ ಕೇಳಿದ. ಮೂರು ಸಲವೂ "ಹಾಕಿದೆ" ಎಂದೆ. ಮೂರನೆಯ ಸಲ ನನ್ನ ದನಿ ಸ್ವಲ್ಪ ಗಡುಸಾಯಿತು, ಅದು ಅವನಿಗೂ ಗೊತ್ತಾಯಿತು. ಆಮೇಲೆ ಅವನು ಕೇಳಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿಕೊಂಡು ನಿಂತ. ಭಾನುವಾರದಿಂದ ಇವತ್ತಿನವರೆಗೆ, ಹುಕ್ಕು ಹಚ್ಚುವಾಗಲೂ ರೊಟ್ಟಿ ಬಡಿಯುವಾಗಲೂ, ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ನನ್ನ ಅಣ್ಣನ ಮಗನಿಗೆ ಹದಿನಾಲ್ಕು ವರ್ಷ. ಹುಟ್ಟಿನಿಂದ ಎಡಗೈ, ಎಡಗಾಲು ಬಿಗಿ. ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಹೇಳುತ್ತಾರೆ. ಎಡಮುಷ್ಟಿ ಮಡಚಿಕೊಂಡೇ ಇರುತ್ತದೆ, ಎಡಪಾದದ ತುದಿ ನೆಲದ ಕಡೆಗೆ ಚಾಚಿರುತ್ತದೆ. ನೆಲದ ಮೇಲೆ ಕಾಲೆಳೆದು ನಡೆಯುವ ಹುಡುಗ ನೀರಿಗಿಳಿದರೆ ಬೇರೆಯೇ ಹುಡುಗ. ಆದರೆ ಚಳಿ ತಗುಲಿದರೆ ಅವನ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಕಲಬುರಗಿಯ ಬೇಸಿಗೆಯನ್ನಷ್ಟೇ ಕೇಳಿ ಬಲ್ಲವರು ನಮ್ಮ ಚಳಿಯನ್ನು ನಂಬುವುದಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಇಲ್ಲಿನ ಬಯಲು ಕೊಳದ ನೀರಿನಲ್ಲಿ ಬೆಳಿಗ್ಗೆ ಆರೂವರೆಗೆ ಕಾಲಿಟ್ಟು ನೋಡಬೇಕು. ಶಾಖವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಮುಂದು. ಹಾಗಾಗಿ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಪ್ರತಿ ವರ್ಷ ಅವನ ಈಜು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಗಳಿಸಿದ್ದೆಲ್ಲ ಆ ನಾಲ್ಕು ತಿಂಗಳಲ್ಲಿ ಕರಗುತ್ತಿತ್ತು.

ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್, ತಣ್ಣೀರಿನಲ್ಲೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಎಂಬ ಉಡುಪು ತರಿಸಿ ನೋಡಿ ಎಂದರು. ಅಣ್ಣ ಮೊಬೈಲಿನಲ್ಲೇ ತರಿಸಿದ. ಮೂರು ಮಿಲಿಮೀಟರ್ ದಪ್ಪ, ಕತ್ತಿನಿಂದ ಕಣಕಾಲಿನವರೆಗೆ ಕರಿ ರಬ್ಬರು, ಎದೆಯ ಮೇಲೆ ಅಡ್ಡಕ್ಕೆ ಒಂದು ಗೇಣು ಜಿಪ್ಪು. ಇಡೀ ಮೈ ಆ ಒಂದು ಗೇಣಿನೊಳಗಿಂದ ಹೋಗಬೇಕು.

ಇಷ್ಟು ದಿನ ಅಣ್ಣನೇ ತೊಡಿಸುತ್ತಿದ್ದ. ಭಾನುವಾರ ಅವನು ಕೆಲಸದ ಮೇಲೆ ಹೈದರಾಬಾದಿಗೆ ಹೋಗಿದ್ದ, ಅತ್ತಿಗೆಗೆ ಜ್ವರ. ನಾನು ಹೋದೆ. ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆಯ ಅಂಗಡಿ ನಡೆಸುವವಳು, ಬಟ್ಟೆ ತೊಡಿಸುವುದು ನನಗೆ ಕಷ್ಟವೇ ಎಂದುಕೊಂಡಿದ್ದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂವತ್ತೈದು ನಿಮಿಷ ಹಿಡಿಯಿತು. ಬಲಗಾಲು ಹೇಗೋ ಹೋಯಿತು. ಎಡಗಾಲು ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ರಬ್ಬರು ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತದೆ. ಚಳಿಯಲ್ಲೂ ಇಬ್ಬರಿಗೂ ಬೆವರು; ಬೆವರಿಗೆ ರಬ್ಬರು ಇನ್ನೂ ಕಚ್ಚಿತು. ಉಗುರು ತಾಗಿದರೆ ಹರಿಯುತ್ತದೆ ಎಂದು ಅಣ್ಣ ಎಚ್ಚರಿಸಿದ್ದ, ಬೆರಳಿನ ಮೆತ್ತೆಯಲ್ಲೇ ಮೇಲೆ ಸರಿಸಬೇಕು. ಎಡಗೈಯ ತೋಳಿಗೆ ಬಂದಾಗ ಅವನ ಮುಷ್ಟಿ ಕಲ್ಲಾಗಿತ್ತು. ಅವಸರ ಮಾಡಿದಷ್ಟೂ ಅದು ಬಿಗಿಯುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೂ ಅವಸರ ಮಾಡಿದೆ. ಹೊರಗಿನಿಂದ ಯಾರೋ ಬಾಗಿಲು ಬಡಿದು "ಇನ್ನೂ ಎಷ್ಟು ಹೊತ್ತು?" ಎಂದರು. ಸೊಂಟದವರೆಗೆ ಕರಿ ರಬ್ಬರು, ಮೇಲೆ ಬರಿಮೈ, ಮೀಸೆ ಮೂಡುತ್ತಿರುವ ಹುಡುಗ, ಎದುರಿಗೆ ಅತ್ತೆ. ಆಗಲೇ ಅವನು ಎರಡನೆಯ ಸಲ ಕೇಳಿದ್ದು: ಬಾಗಿಲು ಹಾಕಿದೆಯಾ?

ಒಂದು ಗಂಟೆಯ ಪಾಳಿಯಲ್ಲಿ ಅವನಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವನು ನಡುಗಲಿಲ್ಲ, ಎಡಗೈ ಸಡಿಲವಾಗಿ ನೀರಿನ ಮೇಲೆ ಚಾಚಿತ್ತು. ಉಡುಪು ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಬಿಚ್ಚುವುದು ತೊಡಿಸುವುದಕ್ಕಿಂತ ಕಷ್ಟವಾಯಿತು. ಅದನ್ನು ಬರೆಯುವ ಮನಸ್ಸಿಲ್ಲ.

ಈಜು ಕಲಿಸುವ ಗುರುಗಳ ಮೇಲೆ ನನಗೆ ಗೌರವವಿದೆ; ಈ ಹುಡುಗನನ್ನು ನೀರಿಗಿಳಿಸಲು ಬೇರೆಯವರು ಹಿಂಜರಿದಾಗ ಕೈ ಹಿಡಿದವರು ಅವರು. ಆದರೆ "ಅಭ್ಯಾಸವಾದರೆ ಸರಿಹೋಗುತ್ತದೆ" ಎಂದರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಹಿಮ್ಮಡಿ ಅಭ್ಯಾಸದಿಂದ ಸಣ್ಣದಾಗುವುದಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. "ಹಾಕಿಕೊಂಡ ಮೇಲೆ ಸರಿಯಾಗಿ ಕೂರುತ್ತದೆಯಲ್ಲ ಮೇಡಂ? ಹಾಗಾದರೆ ಅಳತೆ ಸರಿಯಿದೆ" ಎಂದಳು ಆ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಾಕಿಕೊಂಡ ಮೇಲೆ! ನಾನೂ ಇಪ್ಪತ್ತೆರಡು ವರ್ಷ ಹಾಗೆಯೇ ಅಳತೆ ತೆಗೆದಿದ್ದೇನೆ. ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಎದೆ, ಸೊಂಟ, ತೋಳು. ಬಟ್ಟೆಯೊಳಗೆ ಆಗಲೇ ಇರುವ ಮೈಯ ಅಳತೆ ಅದು. ಬಟ್ಟೆಯೊಳಗೆ ಹೋಗುತ್ತಿರುವ ಮೈಯನ್ನು ನಾನು ಯಾವತ್ತೂ ಅಳೆದಿರಲಿಲ್ಲ.

ಅವತ್ತು ಸಂಜೆ ಟೇಪು ಹಿಡಿದು ಅವನ ಮುಂದೆ ಕುಳಿತೆ. ಎಡ ಮಣಿಕಟ್ಟು ಐದೂಮುಕ್ಕಾಲು ಇಂಚು. ಮಡಚಿದ ಮುಷ್ಟಿಯ ಸುತ್ತ ಎಂಟೂವರೆ. ಕಣಕಾಲು ಎಂಟೂವರೆ, ಹಿಮ್ಮಡಿಯಿಂದ ಪಾದದ ಮೇಲಕ್ಕೆ ಸುತ್ತಿದರೆ ಹನ್ನೆರಡೂವರೆ. ಉಡುಪಿನ ಕಾಲಬಾಯಿ ಏಳೂವರೆ. ಪುಸ್ತಕದಲ್ಲಿ ಈ ಅಂಕಿಗಳನ್ನು ಬರೆದುಕೊಂಡು ಬಹಳ ಹೊತ್ತು ಸುಮ್ಮನಿದ್ದೆ. ಇಷ್ಟು ಚಿಕ್ಕ ಬಾಯಿಂದ ಅಷ್ಟು ದೊಡ್ಡ ಹಿಮ್ಮಡಿಯನ್ನು ದಾಟಿಸಲು ಬೆಳಿಗ್ಗೆ ಅವನನ್ನು ಗದರಿಸಿದ್ದೆ.

ರಾತ್ರಿ ಕುಳಿತು ಈ ಉಡುಪಿನ ಹುಟ್ಟನ್ನು ಓದಿದೆ. ನಿಯೋಪ್ರೀನ್ ಎಂಬ ರಬ್ಬರನ್ನು 1930ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಅದರ ನೊರೆಹಾಳೆಯಿಂದ ಮುಳುಗುಗಾರರಿಗೆ ಉಡುಪು ಮಾಡಬಹುದೆಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಮೈ ಒಣಗಿರಬೇಕಾಗಿಲ್ಲ, ಒದ್ದೆಯಾದರೂ ಬೆಚ್ಚಗಿರಬಹುದು ಎಂಬುದು ಅವರ ಹೊಳಹು. ಶಾಖವನ್ನು ತಡೆಯುವುದು ರಬ್ಬರಿನೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು. ಮೈಗೂ ರಬ್ಬರಿಗೂ ನಡುವೆ ನಿಲ್ಲುವ ತೆಳು ನೀರನ್ನು ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಆ ನೀರು ಹೊರಗೆ ಹೋಗಿ ತಣ್ಣೀರು ಒಳಬರಬಾರದು, ಅದಕ್ಕೇ ಅಷ್ಟು ಬಿಗಿ. ಮೊದಮೊದಲಿನ ಉಡುಪುಗಳಿಗೆ ಒಳಬಟ್ಟೆಯೇ ಇರಲಿಲ್ಲ. ಬರಿ ರಬ್ಬರು ಚರ್ಮಕ್ಕೆ ಕಚ್ಚಿಕೊಳ್ಳುತ್ತಿತ್ತು, ಪೌಡರು ಬಳಿದುಕೊಂಡೇ ಒಳಗೆ ಹೋಗಬೇಕಿತ್ತು. ನೈಲಾನ್ ಅಸ್ತರು ಬಂದದ್ದು ಆಮೇಲೆ. ಈಗಲೂ ಸಮುದ್ರಕ್ಕಿಳಿಯುವವರು ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಲು ತೂರಿಸುತ್ತಾರಂತೆ. ಓದಿದ ಕೂಡಲೇ ನಮ್ಮ ಬಳೆಗಾರರು ಕಣ್ಣ ಮುಂದೆ ಬಂದರು. ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಒತ್ತಿ, ಮಾತಾಡಿಸುತ್ತಾ, ನೋವು ಗೊತ್ತಾಗುವುದರೊಳಗೆ ಬಳೆ ದಾಟಿಸುವ ಆ ಕೈಗಳು. ಬಳೆ ಹೋಗದಿದ್ದರೆ ಅವರೂ ಕೈಗೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ.

ಜಿಪ್ಪು ಮೊದಲು ಬೆನ್ನಿನ ಮೇಲಿತ್ತು, ಉದ್ದವಾಗಿತ್ತು. ನೀರು ನುಗ್ಗುತ್ತದೆಂದು ಎದೆಗೆ ಬಂತು, ಚಿಕ್ಕದಾಯಿತು. ಕೆಲವು ಉಡುಪುಗಳಲ್ಲಿ ಪೂರ್ತಿ ಮಾಯವಾಯಿತು. ನೀರು ಬರಬಾರದೆಂದರೆ ಬಾಗಿಲು ಕಿರಿದಾಗಬೇಕು, ಮೈ ಬರಬೇಕೆಂದರೆ ಬಾಗಿಲು ಹಿರಿದಾಗಬೇಕು. ಮಾಡುವವರು ನೀರಿನ ಪಕ್ಷ ವಹಿಸಿದರು. ಈಜು, ಸೈಕಲ್, ಓಟ ಒಂದರ ಬೆನ್ನಿಗೊಂದು ಬರುವ ಟ್ರಯಥ್ಲಾನ್ ಸ್ಪರ್ಧಿಗಳ ಉಡುಪಿನಲ್ಲಿ ಮಾತ್ರ ಬೇಗ ಬಿಚ್ಚಲು ಬರುವಂತೆ ಕಾಲಬಾಯಿಯನ್ನು ಸಡಿಲಿಸಿ, ಒಳಮೈಯನ್ನು ನುಣುಪು ಮಾಡಿದ್ದಾರೆ, ಏಕೆಂದರೆ ಅಲ್ಲಿ ಬಿಚ್ಚುವ ಸಮಯವೂ ಸ್ಪರ್ಧೆಯ ಲೆಕ್ಕಕ್ಕೆ ಸೇರುತ್ತದೆ. ಅಂದರೆ ದಾರಿ ಇದೆ. ಯಾರ ನಿಮಿಷಗಳಿಗೆ ಬೆಲೆಯಿದೆಯೋ ಅವರಿಗೆ ದಾರಿ ಸಿಕ್ಕಿದೆ. ನನ್ನ ಹುಡುಗ ಕಳೆದುಕೊಂಡ ನಲವತ್ತು ನಿಮಿಷಗಳಿಗೂ ಬೆಲೆಯಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಉಡುಪಿಗೆ ಬ್ಲೇಡು ಹಾಕಿದೆ. ದುಬಾರಿ ವಸ್ತು, ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಒಂದು ಕ್ಷಣ ಉಸಿರು ಬಿಡಲಿಲ್ಲ. ಅವನು ಒಳ್ಳೆಯ ತಂದೆ, ಆದರೆ ಅವಸರದ ತಂದೆ. ಬೂಟಿನ ದಾರವನ್ನೂ ತಾನೇ ಕಟ್ಟಿ ಎಬ್ಬಿಸುತ್ತಾನೆ. ಎಷ್ಟೋ ಸಲ ಹೇಳಿದ್ದೇನೆ, ಅವನಿಗೆ ಬಿಡು, ತಡವಾದರೆ ಆಗಲಿ ಎಂದು. "ಸರಿ, ನೀನೇ ನೋಡು" ಎಂದ.

ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದೆ. ಎರಡು ಬಟ್ಟೆಗಳ ನಡುವೆ ಕಪ್ಪು ತಿರುಳು, ಅದರ ತುಂಬ ಸಾಸಿವೆಗಿಂತ ಸಣ್ಣ ತೂತುಗಳು. ಹೊಲಿಗೆ ನಾವು ಹಾಕುವ ಹೊಲಿಗೆಯಲ್ಲ. ಎರಡು ಅಂಚುಗಳನ್ನು ಎದುರಾ ಎದುರು ಅಂಟಿಸಿ, ಸೂಜಿ ಆಚೆಬದಿಗೆ ಹಾಯದಂತೆ ಅರ್ಧ ದಪ್ಪಕ್ಕೆ ಮಾತ್ರ ದಾರ ಓಡಿಸಿದ್ದಾರೆ. ಆಚೆ ಹಾಯ್ದ ಪ್ರತಿ ಸೂಜಿಯೂ ನೀರಿಗೆ ಒಂದು ಕಿಂಡಿ. ಇಷ್ಟು ಚೆಂದದ ಕೈಕೆಲಸವನ್ನು ಬಿಚ್ಚುವಾಗ ನೋವಾಯಿತು.

ಅಂಟಿನ ವಿಷಯ ಕೇಳಲು ಸೂಪರ್ ಮಾರ್ಕೆಟ್ ಹತ್ತಿರ ಚಪ್ಪಲಿ, ಚೀಲ ಹೊಲಿಯುವ ಅಜ್ಜನ ಬಳಿ ಹೋದೆ. ತುಂಡನ್ನು ಹಿಂಡಿ, ಮೂಸಿ ನೋಡಿದರು. ಅವರ ಡಬ್ಬಿಯಲ್ಲಿರುವ ಸೊಲ್ಯೂಷನ್ನೂ ಇದೇ ಜಾತಿಯ ರಬ್ಬರಿನಿಂದ ಆದದ್ದು. "ಎರಡೂ ಕಡೆ ತೆಳ್ಳಗೆ ಹಚ್ಚಿ ಬಿಟ್ಟುಬಿಡಬೇಕು, ತಾಯಿ. ಬೆರಳಿಗೆ ಅಂಟದ ಹಾಗೆ ಆರಬೇಕು. ಆಮೇಲೆ ಕೂಡಿಸಿದರೆ ಬಿಡುವುದಿಲ್ಲ. ಹಸಿ ಇದ್ದಾಗ ಕೂಡಿಸಿದರೆ ನಿಲ್ಲುವುದಿಲ್ಲ." ಇಷ್ಟು ಹೇಳಿ, ತಲೆಯೆತ್ತಿ ಕೇಳಿದರು: "ಹುಡುಗನ ಕೈ ಎಷ್ಟು ಮೇಲೇಳುತ್ತದೆ?" ಇಡೀ ವಾರದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಭುಜದ ಮಟ್ಟಕ್ಕೆ ಮಾತ್ರ ಏಳುತ್ತದೆ. ಹಾಗಾಗಿ ಕೈ ಮೇಲೆತ್ತದೆ ತೊಡುವಂತಿರಬೇಕು. ಎಡಭುಜದಿಂದ ಬಲಸೊಂಟದವರೆಗೆ ಓರೆಯಾಗಿ ಸೀಳಿದೆ, ಹಳೆಯ ಕಾಲದ ಬಾರಾಬಂದಿ ಅಂಗಿಯ ಹಾಗೆ ಒಂದು ಮಗ್ಗುಲಿಗೆ ತೆರೆದುಕೊಳ್ಳುವಂತೆ. ಬಿಗಿಯಾದ ಅಂಗ ಮೊದಲು ಒಳಗೆ, ಕೊನೆಗೆ ಹೊರಗೆ ಎಂಬುದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಸೂತ್ರ. ಎಡತೋಳಿಗೆ ಮಣಿಕಟ್ಟಿನಿಂದ ಮೇಲಕ್ಕೆ ಏಳು ಇಂಚಿನ ಜಿಪ್ಪು. ಹಲ್ಲು ಪ್ಲಾಸ್ಟಿಕ್ಕಿನದು, ಲೋಹವಾದರೆ ತುಕ್ಕು. ಜಿಪ್ಪಿನ ಹಿಂದೆ ಅಂಗೈಯಗಲ ರಬ್ಬರಿನ ಪಟ್ಟಿ, ನೀರಿನ ರಭಸ ತಡೆಯಲಿ ಎಂದು. ಜಿಪ್ಪಿನ ಮೂಗಿಗೆ ಮಕ್ಕಳ ಪ್ಲಾಸ್ಟಿಕ್ ಬಳೆಯೊಂದನ್ನು ಕಟ್ಟಿದೆ, ಬಲಗೈಯ ಹೆಬ್ಬೆರಳು ತೂರಿಸಿ ಎಳೆಯಲು. ಮೊದಲು ಅಂಟು, ಆಮೇಲೆ ಸೂಜಿ. ಮಶೀನಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಹಾಕಿದೆ. ಬುಧವಾರ, ಗುರುವಾರ ಅದೇ ಕೆಲಸ. ಗಿರಾಕಿಗಳ ಬ್ಲೌಸುಗಳು ಹಾಗೇ ಉಳಿದವು.

ಹೊಲಿಯುವಾಗ ನನ್ನ ಅವ್ವ ಬಹಳ ನೆನಪಾದಳು. ಲಕ್ವಾ ಹೊಡೆದ ಮೇಲೆ ಅವಳು ಎರಡು ವರ್ಷ ಬದುಕಿದ್ದಳು. ದಿನಾ ಬೆಳಿಗ್ಗೆ ನಾನೇ ಕುಪ್ಪಸ ತೊಡಿಸುತ್ತಿದ್ದೆ. ಅವಳ ಕಾಲದ ಖಣದ ಕುಪ್ಪಸ ಮುಂದೆ ಗಂಟು ಹಾಕುವಂಥದ್ದು. ಒಂದೇ ಕೈಯಲ್ಲಿ ಗಂಟು ಬರುವುದಿಲ್ಲ. ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಚುರುಕಾಗಿ ಮುಗಿಸುತ್ತಿದ್ದೆ, ಅದನ್ನೇ ಸೇವೆ ಎಂದುಕೊಂಡಿದ್ದೆ. ಆ ಗಂಟಿನ ಜಾಗದಲ್ಲಿ ಒಂದು ಅಂಟುಪಟ್ಟಿ ಹೊಲಿಯಲು ಹತ್ತು ನಿಮಿಷ ಸಾಕಿತ್ತು. ಊರಿನವರಿಗೆಲ್ಲ ಹೊಲಿದುಕೊಟ್ಟ ನನ್ನ ಕೈಗೆ ಅದು ಹೊಳೆಯಲಿಲ್ಲ. ಕೂಸಿಗೆ ಕೈ ಎತ್ತಲು ಬರುವುದಿಲ್ಲವೆಂದು ಝಬಲಾವನ್ನು ಹಿಂದೆ ತೆರೆದು ಹೊಲಿಯುತ್ತೇವೆ. ಅದೇ ಕೈ ಎಪ್ಪತ್ತು ವರ್ಷದ ಮೇಲೆ ಏಳದಾದಾಗ ಆ ಜಾಣತನ ಎಲ್ಲಿ ಹೋಗುತ್ತದೆ? ಕಳೆದ ವರ್ಷ ಸ್ತನದ ಶಸ್ತ್ರಚಿಕಿತ್ಸೆಯಾದ ಗೃಹಿಣಿಯೊಬ್ಬರು ನನ್ನ ಅಂಗಡಿಗೆ ಬಂದು, ತೋಳು ನೋಯದಂತೆ ತೊಡುವ ಬ್ಲೌಸ್ ಬೇಕು ಎಂದಿದ್ದರು. ಎದೆಯ ಅಳತೆ ಸರಿಯಾಗಿ ತೆಗೆದು, ಹಳೆಯ ನಮೂನೆಯಲ್ಲೇ ಹೊಲಿದು ಕೊಟ್ಟೆ. ಅವರು ಮತ್ತೆ ಬರಲಿಲ್ಲ. ನಾಳೆ ಅವರ ಮನೆ ಹುಡುಕಿಕೊಂಡು ಹೋಗುವವಳಿದ್ದೇನೆ.

ನಿನ್ನೆ ಸಂಜೆ ಉಡುಪನ್ನು ಅವನ ಕೈಗೆ ಕೊಟ್ಟೆ. ತೆಗೆದುಕೊಂಡು ಕೋಣೆಗೆ ಹೋದ. ಒಳಗಿನಿಂದ ಚಿಲಕ ಬಿತ್ತು. ನಾನೂ ಅತ್ತಿಗೆಯೂ ಹೊರಗೆ ಕುಳಿತೆವು. ಏನೋ ಬಿದ್ದ ಸದ್ದಾದಾಗ ಅತ್ತಿಗೆ ಎದ್ದಳು, ನಾನು ಸೆರಗು ಹಿಡಿದು ಕೂರಿಸಿದೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಜಿಪ್ಪಿನ ಸದ್ದು. ನಿಂತಿತು, ಮತ್ತೆ ಹೊರಟಿತು. ಹದಿನಾಲ್ಕು ನಿಮಿಷಕ್ಕೆ ಬಾಗಿಲು ತೆರೆದು ಹೊರಗೆ ಬಂದ. ಕತ್ತಿನ ಹತ್ತಿರ ಪಟ್ಟಿ ಮಡಚಿಕೊಂಡಿತ್ತು. ಸರಿಪಡಿಸಲು ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದೆ ತೆಗೆದುಕೊಂಡೆ.

ಬಿಚ್ಚುವುದನ್ನು ಬಚ್ಚಲಿನಲ್ಲಿ ನೋಡಿದೆವು, ಎರಡು ಕೊಡ ನೀರು ಸುರಿದುಕೊಂಡು. ತೋಳು ಬಂತು, ಮೈ ಬಂತು, ಬಲಗಾಲು ಬಂತು. ಎಡ ಹಿಮ್ಮಡಿ ಮತ್ತೆ ಸಿಕ್ಕಿಕೊಂಡಿತು. ಕಾಲಬಾಯಿಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಒಂಬತ್ತು ಇಂಚಿನ ಜಿಪ್ಪು ತಂದೂ ಆಗಿತ್ತು. ಸೊಂಟಕ್ಕೆ ಟವೆಲು ಸುತ್ತಿಕೊಂಡು, ಒಂದು ಕಾಲಿನಲ್ಲಿ ಉಡುಪು ನೇತಾಡುತ್ತಿದ್ದ ಹಾಗೆಯೇ ಅವನು ಮೆಟ್ಟಿಲ ಮೇಲೆ ಬಂದು ಕುಳಿತ. "ಎಲ್ಲಿಯವರೆಗೆ ಸೀಳಲಿ?" ಎಂದು ಗುರುತು ಹಾಕುವ ಬಿಳಿ ಚಾಕ್‌ಪೀಸನ್ನು ಅವನ ಕೈಗೆ ಕೊಟ್ಟೆ. ಅವನು ಪಾದವನ್ನು ಎರಡು ಸಲ ಅತ್ತಿತ್ತ ತಿರುಗಿಸಿ ನೋಡಿದ. ಕರಿ ರಬ್ಬರಿನ ಮೇಲೆ ಕೆಳಗಿನಿಂದ ನಿಧಾನವಾಗಿ ಗೆರೆ ಎಳೆಯುತ್ತಾ, ನಾನು ಅಂದುಕೊಂಡ ಜಾಗದಲ್ಲಿ ನಿಲ್ಲದೆ, ಮೀನಖಂಡದ ಮೇಲೆ ಇನ್ನೂ ನಾಲ್ಕು ಬೆರಳು ಹೋಗಿ ನಿಲ್ಲಿಸಿದ. ಟೇಪು ಹಿಡಿದೆ. ಹನ್ನೆರಡು ಇಂಚು.